ಥಾರ್ಪ್ ಮನೆಯ ತಕ್ಕಡಿ

"ಹೇಳಿ ಮಿಸ್ಟರ್ ಥಾರ್ಪ್, ಮಾಡಿಸ್ಕೋತೀರಾ, ಇಲ್ವಾ?"

ಶಸ್ತ್ರವೈದ್ಯ ಗ್ಯಾರೋವೇ ಇದನ್ನು ಕೇಳಿದ್ದು ಅಂಗಿಯ ತೋಳು ಮಡಿಸುತ್ತಾ, ಹವೆಯ ವಿಚಾರ ಕೇಳುವವನ ಧಾಟಿಯಲ್ಲಿ. ಅವನ ಇಬ್ಬರು ಸಹಾಯಕರು ಊಟದ ಮೇಜನ್ನು ಕಿಟಕಿಯ ಹತ್ತಿರಕ್ಕೆ ಎಳೆದು, ಮೇಲೆ ಕಂಬಳಿ ಹಾಸಿ, ಕೆಳಗೆ ರಕ್ತ ಹೀರಲು ಮರಳಿನ ತಟ್ಟೆ ಇಟ್ಟಿದ್ದರು. ಚರ್ಮದ ಪಟ್ಟಿಗಳು ಕುರ್ಚಿಯ ಬೆನ್ನಿಗೆ ನೇತುಬಿದ್ದಿದ್ದವು. ಎನೋಕ್ ಥಾರ್ಪ್ ರಾತ್ರಿಯಂಗಿ, ಉಣ್ಣೆಯ ಕಾಲುಚೀಲ ಹಾಕಿಕೊಂಡು ಮಂಚದ ಅಂಚಿನಲ್ಲಿ ಕೂತಿದ್ದ. ಮೆಟ್ಟಿಲು ಹತ್ತಲಾರದವನಿಗಾಗಿ ಮಂಚವನ್ನೇ ಕೆಳಗಿನ ಊಟದ ಕೋಣೆಗೆ ತಂದು ಬಹಳ ದಿನವಾಗಿತ್ತು. ಅವನ ಮೂತ್ರಕೋಶದಲ್ಲಿ ಪಾರಿವಾಳದ ಮೊಟ್ಟೆಯಷ್ಟು ದಪ್ಪದ ಕಲ್ಲಿತ್ತು. ಅದನ್ನು ತೆಗೆಯಲು ಆ ಕಾಲಕ್ಕೆ ಹ್ಯಾಕ್ನಿಯಲ್ಲಾಗಲಿ ಇಡೀ ಲಂಡನ್ನಿನಲ್ಲಾಗಲಿ ನಂಬುವಂಥ ದಾರಿ ಒಂದೇ: ಎಚ್ಚರವಿರುವ ಮನುಷ್ಯನನ್ನು ಕಟ್ಟಿಹಾಕುವುದು, ಕೊಯ್ಯುವುದು, ತೆಗೆಯುವುದು, ಬೇಗ ಮುಗಿಸುವುದು. ಪ್ಯಾರಿಸ್‌ನಲ್ಲಿ ಕೊಯ್ಯದೆ ಒಳಗೇ ಪುಡಿಮಾಡುತ್ತಾರಂತೆ ಎಂದು ಯಾರೋ ಅಂದಿದ್ದರು. ಈ ಕಲ್ಲು ಅದಕ್ಕೂ ಮೀರಿ ಬೆಳೆದಿದೆ ಎಂದು ಗ್ಯಾರೋವೇ ತಳ್ಳಿಹಾಕಿದ್ದ.

"ಮನೇಲಿ ತೀರ್ಮಾನ ಆಗಿದೆ," ಎಂದ ಥಾರ್ಪ್.

"ನಾನು ಮನೇನ ಕೇಳಲಿಲ್ಲ. ಕಲ್ಲಿರೋದು ಮನೆಗಲ್ಲ."

"ನಮ್ಮಲ್ಲಿ ಎಲ್ಲಾ ಸೇರಿಯೇ ತೀರ್ಮಾನ ಮಾಡೋದು, ಮಿಸ್ಟರ್ ಗ್ಯಾರೋವೇ. ಮಾಡಿ ಅಂತ ಬಂದಿದೆ. ಮಾಡಿ."

ಗ್ಯಾರೋವೇ ತೋಳು ಮಡಿಸುವುದನ್ನು ನಿಲ್ಲಿಸಿದ. "ನನ್ನದೊಂದು ಪದ್ಧತಿ ಇದೆ. ಮೇಜಿನ ಮೇಲೆ ಮಲಗೋನ ಬಾಯಿಂದ 'ನನಗೆ ಬೇಕು' ಅಂತ ಬರದೆ ನಾನು ಕತ್ತಿ ಮುಟ್ಟಲ್ಲ. ಒಂದ್ಸಲ ಒಬ್ಬರನ್ನ ಹೆಂಡತಿ ಮಕ್ಕಳೆಲ್ಲ ಸೇರಿ ಒಪ್ಪಿಸಿ ಮಲಗಿಸಿದ್ರು. ಅರ್ಧಕ್ಕೆ ಪಟ್ಟಿ ಕಿತ್ಕೊಂಡು ಎದ್ದು ಓಡಿದರು."

"ಎಷ್ಟು ದೂರ?" ಎಂದಳು ಡಾರ್ಕಸ್ ಅತ್ತೆ. ಥಾರ್ಪ್‌ನ ಅಕ್ಕ ಅವಳು, ವಿಧವೆ. ಯಾವ ಕಥೆಯಾದರೂ ಅವಳಿಗೆ ಪೂರ್ತಿ ಬೇಕು.

"ಮೆಟ್ಟಿಲವರೆಗೆ, ಮೇಡಂ."

ಗ್ಯಾರೋವೇ ಕಿಟಕಿಯತ್ತ ನೋಡಿದ. "ನವೆಂಬರ್ ಬೆಳಕು. ಈ ಮೇಜಿನ ಮೇಲೆ ಬಹಳ ಹೊತ್ತು ನಿಲ್ಲಲ್ಲ. ನಾನು ಮುಂದಿನ ಕೋಣೇಲಿ ಕೂತು ಒಂದು ಚಹಾ ಕುಡೀತೀನಿ. ಅದು ಮುಗಿಯೋದ್ರೊಳಗೆ ಹೇಳಿ. ಬೇಡ ಅಂದ್ರೆ ಬೇಜಾರಿಲ್ಲ, ಇಸ್ಲಿಂಗ್ಟನ್‌ನಲ್ಲಿ ಇನ್ನೊಬ್ಬರು ಕಾಯ್ತಿದ್ದಾರೆ, ಅವರಿಗೆ ಅನುಮಾನ ಇಲ್ಲ. ಆದರೆ ಒಂದು ತಿಳ್ಕೊಳ್ಳಿ. ಇವತ್ತು ತಪ್ಪಿದ್ರೆ ಇನ್ನು ವಸಂತಕ್ಕೇ. ಅಷ್ಟರಲ್ಲಿ ಕಲ್ಲು ಬೆಳೆದಿರುತ್ತೆ, ನೀವು ಇಳಿದಿರ್ತೀರಿ. ಆಗ ನಾನು ಬರಲ್ಲ."

ಅವನು ಹೊರಟ. ಆಗ ಥಾರ್ಪ್ ಒಂದು ಕ್ಷಣ ತಲೆ ಎತ್ತಿ ಮೂರು ಹೆಂಗಸರ ಮುಖವನ್ನೂ ಒಂದೊಂದಾಗಿ ನೋಡಿದ. ಅಕ್ಕನನ್ನು, ಮಗಳನ್ನು, ಬಾಗಿಲಲ್ಲಿ ನಿಂತ ಅಡುಗೆಯ ಹೆಸ್ಟರ್‌ಳನ್ನು. ಮಗಳು ಸೆಲೀನಾ ಆ ನೋಟವನ್ನು ಬಲ್ಲಳು. ಚಿಕ್ಕವಳಿದ್ದಾಗ ಪಾಠ ಒಪ್ಪಿಸಲು ನಿಂತು ಮುಂದಿನ ಸಾಲು ಮರೆತಾಗ ತಾನು ಅಪ್ಪನ ಮುಖವನ್ನು ಹೀಗೆಯೇ ನೋಡುತ್ತಿದ್ದದ್ದು.

ಥಾರ್ಪ್ ಬೀಜದ ವ್ಯಾಪಾರಿ. ತರಕಾರಿ, ಹೂವು, ಮೇವು, ಯಾವ ಬೀಜ ಬೇಕಾದರೂ ಅವನಲ್ಲಿ ಸಿಗುತ್ತಿತ್ತು, ಮೊಳೆಯುತ್ತಲೂ ಇತ್ತು. ನಡುವಯಸ್ಸಿಗೆ ಬಂದಾಗ ಅವನು ಪ್ರಾರ್ಥನೆಗೆ ಚಾಪೆಲ್ಲಿಗೆ ಹೋಗುವುದನ್ನು ಬಿಟ್ಟು, ಗುರುವಾರ ಗುರುವಾರ ಅಂಗಡಿಯ ಮಹಡಿಯಲ್ಲಿ ಸೇರುತ್ತಿದ್ದ ಹೊಸ ವಿಚಾರದವರ ಗುಂಪು ಸೇರಿದ. ಅವರು ಹೇಳುತ್ತಿದ್ದುದು ಇಷ್ಟು: ಒಂದು ಕೆಲಸ ಸರಿಯೋ ತಪ್ಪೋ ತಿಳಿಯಲು ಆಕಾಶ ನೋಡಬೇಕಾಗಿಲ್ಲ, ಅದರಿಂದ ಎಷ್ಟು ಜನಕ್ಕೆ ಎಷ್ಟು ಸುಖ, ಎಷ್ಟು ದುಃಖ ಎಂದು ಕೂಡಿ ಕಳೆದರೆ ಸಾಕು. ಥಾರ್ಪ್‌ಗೆ ಇದು ಹಿಡಿಸಿತು. ಅವನು ದೇವರನ್ನು ಬಿಟ್ಟ. ಭಾನುವಾರದ ಗಂಭೀರ ಮುಖವನ್ನು ಮಾತ್ರ ಬಿಡಲಿಲ್ಲ.

ಉಳಿದವರು ಮಾತಾಡಿ ಮನೆಗೆ ಹೋದರು. ಥಾರ್ಪ್ ಮನೆಯಲ್ಲಿ ತಕ್ಕಡಿ ಇಟ್ಟ.

ಸಣ್ಣ ಬೀಜ ತೂಗುವ ಹಿತ್ತಾಳೆಯ ತಕ್ಕಡಿ. ಬಲದ ತಟ್ಟೆ 'ಬೇಕು', ಎಡದ್ದು 'ಬೇಡ'. ಮನೆಯಲ್ಲಿ ಏನಾದರೂ ತೀರ್ಮಾನವಾಗಬೇಕಾದಾಗ ಪ್ರತಿಯೊಬ್ಬರಿಗೂ ಮೊಟ್ಟೆ ಇಡುವ ಪುಟ್ಟ ಬಟ್ಟಲಿನ ತುಂಬ ಒಣ ಬಟಾಣಿ. ಒಬ್ಬೊಬ್ಬರೇ ಕೋಣೆಗೆ ಹೋಗಿ, ತಕ್ಕಡಿಯ ಮೇಲೆ ಹೊದಿಸಿದ ಬಟ್ಟೆಯ ಕೆಳಗೆ ಕೈ ತೂರಿಸಿ, ಸುಖವೋ ದುಃಖವೋ ಎಷ್ಟು ತೀವ್ರವೋ ಅಷ್ಟು ಬಟಾಣಿಯನ್ನು ತಮಗೆ ಸರಿಕಂಡ ತಟ್ಟೆಗೆ ಸುರಿಯಬೇಕು. ಕೊನೆಗೆ ಬಟ್ಟೆ ತೆಗೆದರೆ ಧರ್ಮ ಯಾವ ಕಡೆ ವಾಲಿದೆ ಎಂದು ಕಣ್ಣಿಗೇ ಕಾಣುತ್ತಿತ್ತು. ಹೆಸ್ಟರ್‌ಗೂ ಅದೇ ಬಟ್ಟಲು, ಅಷ್ಟೇ ಬಟಾಣಿ. ಯಾರ ಸುಖವೂ ಇನ್ನೊಬ್ಬರದಕ್ಕಿಂತ ದೊಡ್ಡದಲ್ಲ ಎಂಬುದರಲ್ಲಿ ಥಾರ್ಪ್ ಬಹಳ ಕಟ್ಟುನಿಟ್ಟು. ತೂಕ ಮುಗಿದ ಮೇಲೆ ಬಟಾಣಿ ಆಯ್ದು ಬಟ್ಟಲು ತೊಳೆಯುವುದು ಮಾತ್ರ ಹೆಸ್ಟರ್.

ನಾಯಿ ಸಾಕುವುದೇ, ಬೇಸಿಗೆಗೆ ಸಮುದ್ರತೀರಕ್ಕೆ ಹೋಗುವುದೇ, ಪಕ್ಕದ ಮನೆಯವರ ಕುಡುಕ ಮಾವನನ್ನು ಕ್ರಿಸ್‌ಮಸ್ ಊಟಕ್ಕೆ ಕರೆಯುವುದೇ, ಎಲ್ಲಾ ಹೀಗೇ. ಡಾರ್ಕಸ್ ಅತ್ತೆ ಈ ಮನೆಯಲ್ಲಿ ಇರಬಹುದೇ ಎಂಬುದನ್ನೂ ತೂಗಿದ್ದರು. "ನನ್ನ ಪೆಟ್ಟಿಗೆ ಮಹಡಿ ಹತ್ತಿದ ಮೇಲೆ," ಎಂದು ಅತ್ತೆ ಅದನ್ನು ಆಡಿಕೊಳ್ಳುತ್ತಿದ್ದಳು. ಸೆಲೀನಾಳನ್ನು ಕೇಳಿಕೊಂಡು ಬಂದಿದ್ದ ಲವೆಲ್ ಎಂಬ ಆರ್ಗನ್ ವಾದ್ಯ ಕಟ್ಟುವವನ ಸಂಬಂಧವನ್ನೂ ತೂಗಿದ್ದರು. ಎಡದ ತಟ್ಟೆ ಮೇಜಿಗೆ ತಾಗುವಷ್ಟು ಇಳಿದಿತ್ತು. ಇಷ್ಟಕ್ಕೆಲ್ಲ ಒಂದೇ ನಿಯಮ: ಯಾರು ಯಾವ ಕಡೆ ಹಾಕಿದರು, ಯಾಕೆ ಹಾಕಿದರು ಎಂದು ಕೇಳುವಂತಿಲ್ಲ, ಹೇಳುವಂತಿಲ್ಲ. ಹೇಳಿದರೆ ಒಬ್ಬರ ದುಃಖ ಇನ್ನೊಬ್ಬರಿಗೆ ಅಂಟಿ ಲೆಕ್ಕ ಕೆಡುತ್ತದೆ ಎಂಬುದು ಥಾರ್ಪ್‌ನ ವಾದ.

ನಿನ್ನೆ ಮಧ್ಯಾಹ್ನ ಅಪ್ಪನ ಶಸ್ತ್ರಚಿಕಿತ್ಸೆಯನ್ನು ತೂಗಿದಾಗ ಬಲದ ತಟ್ಟೆ ಟಕ್ಕೆಂದು ಬಡಿದಿತ್ತು. ಎಡದ್ದರಲ್ಲಿ ಒಂದು ಕಾಳೂ ಇರಲಿಲ್ಲ. "ಒಮ್ಮತ," ಎಂದಿದ್ದ ಅಪ್ಪ, ಅಂಗಡಿಯಲ್ಲಿ ಬೋಣಿ ಆದವನ ಹಾಗೆ. ಕೊಯ್ಸಿಕೊಂಡ ಮುದುಕರಲ್ಲಿ ಎಷ್ಟೋ ಜನ ಮೇಜಿನಿಂದ ನೇರ ಸ್ಮಶಾನಕ್ಕೆ ಹೋಗುತ್ತಾರೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಸೆಲೀನಾ ಅಡುಗೆಮನೆಗೆ ಬಂದಳು. ಅತ್ತೆ ಆಗಲೇ ಅಲ್ಲಿದ್ದಳು. ಹೆಸ್ಟರ್ ಚಹಾದ ಪಾತ್ರೆಗೆ ನೀರು ಹೊಯ್ಯುತ್ತಿದ್ದಳು.

"ಚೆನ್ನಾಗಿ ಕುದಿಸು," ಎಂದಳು ಅತ್ತೆ. "ಬಾಯಿ ಸುಡಬೇಕು. ಬೇಗ ಕುಡಿಯೋಕಾಗಬಾರದು."

"ಹಾಲು ಹಾಕಿದ್ರೆ ಆರತ್ತೆ, ಮೇಡಂ."

"ಹಾಲು ಇಲ್ಲ ಅನ್ನು. ಹಸು ಸತ್ತೋಯ್ತು ಅನ್ನು."

ಹೆಸ್ಟರ್ ಚಹಾ ಕೊಟ್ಟು ಬರುವ ತನಕ ಸೆಲೀನಾ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಬಂದ ತಕ್ಷಣ ಕೇಳಿದಳು: "ಹೆಸ್ಟರ್, ನಿನ್ನೆ ನೀನು ಯಾವ ಕಡೆ ಹಾಕಿದೆ?"

ಹೆಸ್ಟರ್ ಅತ್ತೆಯ ಕಡೆ ನೋಡಿದಳು. "ಅದನ್ನ ಕೇಳಬಾರದಲ್ವಾ, ಮಿಸ್?"

"ಕೇಳ್ತಾ ಇದೀನಿ."

"ಬೇಕು ಕಡೆ. ಪೂರ್ತಿ ಬಟ್ಟಲು."

"ಯಾಕೆ? ಕೋಳಿ ಕೊಯ್ಯೋಕೆ ನೀನು ಪಕ್ಕದ ಮನೆಯವನನ್ನ ಕರೀತೀಯ."

"ನಂಗೆ ಬೇಕೂಂತಲ್ಲ ಮಿಸ್. ಆ ಮೇಜಿನ ಕಡೆ ನೋಡೋಕೇ ಆಗಲ್ಲ. ನೀವು ಬೇಕೂಂತ ಹಾಕ್ತೀರಿ ಅಂದ್ಕೊಂಡೆ. ಯಜಮಾನ್ರು ರಾತ್ರಿ ನೋವಿಗೆ ಕೂಗಿದಾಗೆಲ್ಲ ಓಡಿ ಬರೋರು ನೀವು. ಕಣ್ಣು ನೋಡಿ, ಹೇಗಿದೆ. ನನ್ನ ಬಟ್ಟಲು ಅಡ್ಡ ಬಂದು ನಿಮಗೆ ಬೇಕಾದ್ದು ತಪ್ಪಿಹೋಗಬಾರದು ಅಂತ."

"ಅತ್ತೆ, ನೀವು?"

"ಎನೋಕ್‌ಗೆ ಗೊತ್ತಾದ್ರೆ ನನ್ನ ಪೆಟ್ಟಿಗೆ ಇನ್ನೊಂದ್ಸಲ ತೂಗ್ತಾನೆ."

"ಅತ್ತೆ!"

ಡಾರ್ಕಸ್ ಅತ್ತೆ ಕುರ್ಚಿ ಎಳೆದು ಕೂತಳು. "ಬೇಕು ಕಡೆಗೇ ಕಣೇ. ನಾರ್ವಿಚ್‌ನಲ್ಲಿ ನನ್ನ ಗಂಡ ಪಿಮ್‌ನ ಹೀಗೇ ಮೇಜಿಗೆ ಕಟ್ಟಿದ್ರು. ನಾನು ಗೋಡೆ ಈಚೆ ಕೂತು ಕಾಲುಚೀಲ ಹೆಣೀತಿದ್ದೆ. ಕೂಗು ನಿಂತಾಗ, ಮುಗೀತಲ್ಲ ಅಂತ ಸಂತೋಷಪಟ್ಟೆ. ಇನ್ನೊಂದ್ಸಲ ಆ ಗೋಡೆ ಈಚೆ ಕೂರೋಕೆ ನನಗೆ ಇಷ್ಟ ಅಂತೀಯಾ?"

"ಮತ್ತೆ ಯಾಕೆ ಹಾಕಿದ್ರಿ?"

"ಅವನಿಗೆ ಬೇಕೂಂತ! ವಸಂತದಿಂದ ಊಟಕ್ಕೆ ಕೂತಾಗೆಲ್ಲ ಅದೇ ಪ್ರವಚನ ಅಲ್ವಾ? ಸ್ವಲ್ಪ ಹೊತ್ತಿನ ನೋವು ಒಂದು ಕಡೆ, ವರ್ಷಗಟ್ಟಲೆ ನೋವು ಇನ್ನೊಂದು ಕಡೆ, ಇದರಲ್ಲಿ ಯೋಚನೆ ಮಾಡೋಕೆ ಏನಿದೆ ಅಂತ. ಒಡಹುಟ್ಟಿದೋನ ಸುಖಕ್ಕೆ ನಾನು ಅಡ್ಡ ನಿಂತೆ ಅನ್ನಿಸ್ಕೋಬೇಕಾ?" ಅವಳು ಸೆಲೀನಾಳ ಮುಖ ನೋಡಿದಳು. "ನೀನು?"

"ನಾನೂ ಅದಕ್ಕೇ."

ಅತ್ತೆಯ ಬಾಯಿ ತೆರೆದುಕೊಂಡಿತ್ತು. ಸೆಲೀನಾಳ ನೆನಪಿನಲ್ಲಿ ಆ ಬಾಯಿಂದ ಮಾತು ಬರದೆ ಇದ್ದದ್ದು ಅದೇ ಮೊದಲು.

"ಹಾಗಾದ್ರೆ ಬೇಕು ಅಂದೋರು ಯಾರೇ?" ಎಂದಳು ಕೊನೆಗೆ. ಆಮೇಲೆ ಅವಳ ಮುಖದಲ್ಲಿ ಇನ್ನೇನೋ ಹೊಳೆದದ್ದು ಕಂಡಿತು. "ಆ ಆರ್ಗನ್ನಿನವನು, ಲವೆಲ್..."

"ಅತ್ತೆ, ಈಗ ಬೇಡ."

"ನೀನು ಬೇಡ ಅಂತ ಹಾಕಿದ್ದೆ, ಅಲ್ವಾ?"

"ಅಪ್ಪ ಒಬ್ಬರೇ ಆಗ್ತಾರೆ ಅಂತ."

"ನಾನು ಹಾಕಿದ್ದು ನಿನಗೆ ಅವನು ಸೇರಲ್ಲ ಅಂತ. ಅವನು ಬಾಗಿಲು ತಟ್ಟಿದ ಕೂಡಲೆ ಮಹಡಿಗೆ ಓಡಿಹೋಗ್ತಿದ್ದೆಯಲ್ಲೇ."

"ತಲೆ ಬಾಚ್ಕೊಳ್ಳೋಕೆ," ಎಂದಳು ಸೆಲೀನಾ.

ಅಳುವುದಕ್ಕೆ ಈಗ ಪುರುಸೊತ್ತಿರಲಿಲ್ಲ. ಮುಂದಿನ ಕೋಣೆಯಲ್ಲಿ ಚಹಾದ ಬಟ್ಟಲು ತಟ್ಟೆಗೆ ತಾಗಿದ ಸದ್ದಾಯಿತು. ಹೆಸ್ಟರ್ ತುದಿಗಾಲಲ್ಲಿ ಹೋಗಿ ಇಣುಕಿ ಬಂದು, ಅರ್ಧ ಆಗಿದೆ ಎಂದು ಬೆರಳಲ್ಲೇ ತೋರಿಸಿದಳು. ಸೆಲೀನಾ ಆಗಲೇ ಹಜಾರ ದಾಟಿದ್ದಳು.

ಅಪ್ಪ ಇದ್ದಲ್ಲೇ ಇದ್ದ. ಸಹಾಯಕರಿಬ್ಬರು ಮೂಲೆಯಲ್ಲಿ ನಿಂತು ನೆಲ ನೋಡುತ್ತಿದ್ದರು. ಬೆಳಕಿನ ಚೌಕ ಮೇಜಿನ ಒಂದು ಅಂಚನ್ನು ಬಿಟ್ಟು ಸರಿದಿತ್ತು. ಅಪ್ಪನ ಕಾಲಿನ ಬೆರಳುಗಳು ಉಣ್ಣೆಯ ಚೀಲದೊಳಗಿಂದಲೇ ನೆಲಹಾಸನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದವು.

"ಅಪ್ಪಾ, ನಿನ್ನೆ ನೀವು ನಿಮ್ಮ ಬಟ್ಟಲನ್ನ ಯಾಕೆ ಬೇಕು ಕಡೆ ಸುರಿದ್ರಿ?"

"ನಿಯಮ ಮರೆತ್ಯಾ?"

"ನಿಯಮ ಆಮೇಲೆ ನೋಡೋಣ. ಹೇಳಿ."

ಅಪ್ಪ ನೋವಿನ ಅಲೆಯೊಂದು ಬಂದು ಹೋಗಲು ಬಿಟ್ಟು, ಪಾಠ ಹೇಳುವವನ ಹಾಗೆ ಶುರುಮಾಡಿದ. "ನೋಡು. ನೀವು ಮೂರು ಜನ, ನಾನೊಬ್ಬ. ನಾನು ಕೂಗಿದ್ರೆ ಮೂರು ಜನದ ನಿದ್ದೆ ಹಾಳು. ಕೊಯ್ಸಿಕೊಂಡು ಬದುಕಿದ್ರೆ ಕೂಗು ನಿಲ್ಲುತ್ತೆ. ಸತ್ತರೂ ಕೂಗು ನಿಲ್ಲುತ್ತೆ. ಎರಡರಲ್ಲೂ ನಿಮಗೆ ಲಾಭ. ಇಂಥ ವ್ಯಾಪಾರ ಅಂಗಡೀಲಿ ನನಗೆ ಒಂದು ದಿನಾನೂ ಕುದುರಲಿಲ್ಲ."

"ಸತ್ತರೆ ನಮಗೆ ಲಾಭಾನಾ?"

"ಸ್ವಲ್ಪ ದಿನ ಅಳ್ತೀರಿ. ಅದನ್ನೂ ಲೆಕ್ಕಕ್ಕೆ ಹಿಡಿದಿದ್ದೀನಿ."

ಸೆಲೀನಾಗೆ ಅವನ ಭುಜ ಹಿಡಿದು ಅಲುಗಿಸಬೇಕೆನ್ನಿಸಿತು. ಅಲುಗಿಸಿದರೆ ಅವನು ಕೂಗುತ್ತಿದ್ದ. "ನಿಮ್ಮದು?" ಎಂದಳು.

"ಯಾವುದು ನಂದು?"

"ನಿಮಗೇನು ಬೇಕು? ನಿಮಗೆ."

ಅಪ್ಪ ಅವಳನ್ನು ನೋಡಿದ ರೀತಿ, ಅವಳು ಫ್ರೆಂಚಿನಲ್ಲಿ ಕೇಳಿದಳೇನೋ ಎಂಬಂತಿತ್ತು. "ಅದು ಎಲ್ಲಾ ಸೇರಿದ ಮೇಲೆ ಬರೋದು," ಎಂದ.

"ಎಲ್ಲಾ ಸೇರಿಲ್ಲ ಅಪ್ಪಾ. ಹೆಸ್ಟರ್ ನನಗೋಸ್ಕರ ಹಾಕಿದಳು. ನಾನೂ ಅತ್ತೇನೂ ನಿಮಗೆ ಬೇಕೂಂತ ಹಾಕಿದ್ವಿ. ನೀವು ನಮಗೋಸ್ಕರ ಹಾಕಿದ್ರಿ. ಆ ತಟ್ಟೇಲಿ ಒಬ್ಬರಾದ್ರೂ ತಮ್ಮದು ಅಂತ ಒಂದು ಕಾಳು ಹಾಕಿಲ್ಲ. ನಿಮ್ಮನ್ನ ಕೊಯ್ಯೋದು ಈ ಮನೇಲಿ ಯಾರಿಗೂ ಬೇಕಾಗಿಲ್ಲ. ಮೇಜು ಮಾತ್ರ ತಯಾರಾಗಿದೆ!"

ಅಪ್ಪನ ಮುಖದ ಬಣ್ಣ ಇಳಿಯಿತು. ಇದು ನೋವಿನದಲ್ಲ. ವ್ಯಾಪಾರಿಗೆ ಅರ್ಥವಾಗುವ ಭಾಷೆಯಲ್ಲಿ ಮಾತು ಅವನನ್ನು ಮುಟ್ಟಿತ್ತು. ಖಾಲಿ ಮೂಟೆಯನ್ನೇ ನಾಲ್ಕು ಹೆಸರಲ್ಲಿ ನಾಲ್ಕು ಸಲ ತೂಗಿ, ನಾಲ್ಕು ಮೂಟೆ ಮಾಲಿದೆ ಎಂದು ಬರೆದುಕೊಂಡಿದ್ದವನ ಮುಖ ಅದು. ತುಟಿ ಏನೋ ಹಿಂದಿನದನ್ನೆಲ್ಲ ಎಣಿಸುತ್ತಿತ್ತು. ನಾಯಿ, ಸಮುದ್ರತೀರ, ಕುಡುಕ ಮಾವ. ಲವೆಲ್‌ವರೆಗೆ ಬಂದಿತೋ ಏನೋ, ಮಗಳತ್ತ ನೋಡಿ ಕಣ್ಣು ತಗ್ಗಿಸಿದ.

"ತಕ್ಕಡಿ ತಾ," ಎಂದ. "ಬಟ್ಟೆ ಬೇಡ. ಎಲ್ಲರೂ ಬರಲಿ. ಈ ಸಲ ಅವರವರದು ಮಾತ್ರ. ಇನ್ನೊಬ್ಬರ ಯೋಚನೆ ಯಾರಾದ್ರೂ ಮಾಡಿದ್ರೆ ನಾನು ಸಹಿಸಲ್ಲ."

ತಕ್ಕಡಿ ಬಂತು, ಮಂಚದ ಪಕ್ಕದ ಸಣ್ಣ ಮೇಜಿನ ಮೇಲೆ ಕೂತಿತು. ಬಟಾಣಿ ಬಂತು. ಅದೇ ಹೊತ್ತಿಗೆ ಚಹಾದ ಬಟ್ಟಲು ಹಿಡಿದ ಗ್ಯಾರೋವೇ ಬಾಗಿಲಿಗೆ ಬಂದ.

"ಇದೇನು, ಅಂಗಡಿ ತೆರೆದಿದ್ದೀರಾ?"

"ಇನ್ನೊಂದು ಗುಟುಕು ಕುಡೀರಿ," ಎಂದಳು ಅತ್ತೆ, ಅವನತ್ತ ತಿರುಗದೆಯೇ. ತನ್ನ ಬಟ್ಟಲನ್ನು ಎಡದ ತಟ್ಟೆಗೆ ಸುರಿದಳು. ಕಾಳು ಹಿತ್ತಾಳೆಯ ಮೇಲೆ ಪಟಪಟ ಬಿದ್ದವು. "ನಂದು ಬೇಡ. ನಾನು ಮತ್ತೆ ಗೋಡೆ ಈಚೆ ಕೂರೋದಿಲ್ಲ. ಸ್ವಾರ್ಥ ಅಂದ್ರೆ ಸ್ವಾರ್ಥ."

ಹೆಸ್ಟರ್ ಏಪ್ರನ್ನಿನಿಂದ ಒಂದು ಕಣ್ಣು ಮುಚ್ಚಿಕೊಂಡು ಇನ್ನೊಂದರಲ್ಲಿ ನೋಡುತ್ತಾ ಸುರಿದಳು. ಎಡಕ್ಕೆ. "ನನ್ನ ಅಡುಗೆಮನೆ ಪಕ್ಕ ರಕ್ತ ಬೇಡ, ಸರ್. ಕ್ಷಮಿಸಿ."

ಸೆಲೀನಾ ಬಟ್ಟಲು ಎತ್ತಿಕೊಂಡಳು. ನಿಜವಾಗಿ ತನಗೇನು ಬೇಕೆಂದು ಅವಳು ಆ ತನಕ ತನ್ನನ್ನೇ ಕೇಳಿಕೊಂಡಿರಲಿಲ್ಲ. ಕೇಳಿಕೊಂಡಾಗ ಬಂದ ಉತ್ತರ ಚೆನ್ನಾಗಿರಲಿಲ್ಲ. ಅಪ್ಪ ಇರಬೇಕು. ಕೂಗುತ್ತಾ ಇದ್ದರೂ ಇರಬೇಕು. ಅವನ ನೋವಿಗಿಂತ ಅವನಿಲ್ಲದ ಮನೆಯದೇ ಅವಳಿಗೆ ಹೆಚ್ಚು ಭಯ. ಇಷ್ಟು ದಿನ ಅವನ ಹಾಸಿಗೆಯ ಪಕ್ಕ ಕೂತ ಮಗಳ ಒಳಗೆ ಇಂಥದ್ದೊಂದು ಕೂತಿತ್ತೆಂದು ತಿಳಿದು ಅವಳಿಗೇ ನಾಚಿಕೆಯಾಯಿತು. ಆದರೂ ಸುರಿದಳು. ಎಡಕ್ಕೆ, ಒಂದು ಕಾಳೂ ಬಿಡದೆ.

"ಬೆಳಕು," ಎಂದ ಗ್ಯಾರೋವೇ. ಚೌಕ ಮೇಜಿನ ಅರ್ಧಕ್ಕೆ ಬಂದಿತ್ತು.

ಅಪ್ಪ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದ. ಬಟ್ಟಲು ವಾಲಿ ಒಂದೆರಡು ಕಾಳು ನೆಲಕ್ಕೆ ಉರುಳಿದವು. ಹೆಸ್ಟರ್ ಬಗ್ಗಹೋದಳು. ಸೆಲೀನಾ ಅವಳ ತೋಳು ಹಿಡಿದು ನಿಲ್ಲಿಸಿದಳು.

"ನನಗೆ ಭಯ ಆಗ್ತಿದೆ," ಎಂದ ಅಪ್ಪ. ಇದನ್ನು ಯಾರಿಗೂ ಹೇಳಿದಂತಿರಲಿಲ್ಲ. "ಆ ಪಟ್ಟಿ ನೋಡಿದ್ರೆ ಭಯ ಆಗ್ತಿದೆ. ಸಾಯೋದೂ ಇಷ್ಟ ಇಲ್ಲ."

"ಅಷ್ಟೇ ಅಲ್ವೇನೋ!" ಎಂದಳು ಅತ್ತೆ. "ಹಾಕು ಎಡಕ್ಕೆ. ಮುಗೀತು."

"ತಡಿ ಅಕ್ಕಾ. ಇನ್ನೂ ಇದೆ." ಅವನು ಉಸಿರು ತೆಗೆದುಕೊಂಡ. "ಹೆಂಗಸರ ಮುಂದೆ ಹೇಳಬಾರದು. ಒಂದೇ ಒಂದು ಸಲ, ಬೆಳಿಗ್ಗೆ ಎದ್ದು, ಹಿತ್ತಲಲ್ಲಿ ನಿಂತು, ಬೇಲಿ ಕಡೆ ನೋಡ್ತಾ ಉಚ್ಚೆ ಹೊಯ್ದು, ಅಳದೆ ಒಳಗೆ ಬರಬೇಕು ನನಗೆ. ಅಷ್ಟೇ. ಬೇರೆ ಏನೂ ಬೇಡ. ಅದರ ಮುಂದೆ ನಿಮ್ಮ ನಿದ್ದೆ, ನಿಮ್ಮ ಅಳು, ಯಾವುದೂ ನನಗೆ ಲೆಕ್ಕಕ್ಕೆ ಬರ್ತಾ ಇಲ್ಲ. ನಾಚಿಕೆ ಆಗುತ್ತೆ, ಆದ್ರೂ ಬರ್ತಾ ಇಲ್ಲ."

ಅವನು ಬಟ್ಟಲನ್ನು ಬಲದ ತಟ್ಟೆಗೆ ಬಗ್ಗಿಸಿದ.

ತಟ್ಟೆ ಒಂದಿಷ್ಟು ಅಲ್ಲಾಡಿ ಮೇಲೆಯೇ ನಿಂತಿತು. ಮೂರು ಬಟ್ಟಲಿನ ಮುಂದೆ ಒಂದು ಬಟ್ಟಲು ಏನು ಮಾಡೀತು? ಎಡದ ತಟ್ಟೆ ಮೇಜಿಗೆ ಒರಗಿ ಆರಾಮವಾಗಿ ಕೂತಿತ್ತು. ಅಪ್ಪ ಜೀವನವಿಡೀ ನಂಬಿದ ವಿಚಾರ ಅಷ್ಟು ಸ್ಪಷ್ಟವಾಗಿ ಎಂದೂ ಮಾತಾಡಿರಲಿಲ್ಲ, ಮತ್ತು ಅದು ಬೇಡ ಎಂದಿತ್ತು.

"ತೂಕ ಆಯ್ತು," ಎಂದಳು ಡಾರ್ಕಸ್ ಅತ್ತೆ. ಗೆದ್ದವಳ ದನಿ. "ನಿನ್ನದೇ ನಿಯಮ ಕಣೋ. ಮಿಸ್ಟರ್ ಗ್ಯಾರೋವೇ, ಇಸ್ಲಿಂಗ್ಟನ್‌ಗೆ ಹೊರಡಿ." ಅವಳು ಕುರ್ಚಿಯ ಮೇಲಿನ ಚರ್ಮದ ಪಟ್ಟಿಗಳನ್ನು ಎತ್ತಿ ಸುತ್ತತೊಡಗಿದಳು. ಗ್ಯಾರೋವೇ ಭುಜ ಹಾರಿಸಿ, ಮಡಿಸಿದ ತೋಳನ್ನು ಬಿಚ್ಚಿದ. ಸಹಾಯಕನೊಬ್ಬ ಮರಳಿನ ತಟ್ಟೆಗೆ ಬಗ್ಗಿದ.

ಅಪ್ಪ ತಕ್ಕಡಿಯನ್ನೇ ನೋಡುತ್ತಿದ್ದ. ಹಾಗೇ ನೋಡುತ್ತಾ ಬಲಗೈ ಚಾಚಿ, ಹೆಬ್ಬೆರಳನ್ನು ಬಲದ ತಟ್ಟೆಯ ಮೇಲಿಟ್ಟ. ಒತ್ತಿದ. ತಕ್ಕಡಿಯ ದಂಡ ಕಿರ್ರೆಂದು ವಾಲಿತು. ಎಡದ ತಟ್ಟೆ ಮೂರು ಬಟ್ಟಲು ಬಟಾಣಿ ಹೊತ್ತುಕೊಂಡು ಮೇಲಕ್ಕೆ ಎದ್ದಿತು.

ಬೀಜದ ವ್ಯಾಪಾರದಲ್ಲಿ ತಕ್ಕಡಿಗೆ ಬೆರಳು ಕೊಡುವುದಕ್ಕಿಂತ ಹೀನವಾದದ್ದಿಲ್ಲ. ಹಿಂದೆ ಒಬ್ಬ ಗುಮಾಸ್ತ ಇದೇ ಕೆಲಸ ಮಾಡಿ ಸಿಕ್ಕಿಬಿದ್ದಾಗ ಅಪ್ಪ ಅವನನ್ನು ಆ ಕ್ಷಣವೇ ಬೀದಿಗೆ ಅಟ್ಟಿದ್ದ. ಅವನ ಸುಖದುಃಖವನ್ನು ತೂಗುವ ಮಾತೇ ಎತ್ತಿರಲಿಲ್ಲ.

"ಎನೋಕ್! ಬೆರಳು ತೆಗಿ!"

"ತೆಗೆಯಲ್ಲ ಅಕ್ಕಾ."

"ಮೋಸ ಇದು!"

"ಹೌದು, ಮೋಸ. ಆದ್ರೆ ಕಲ್ಲು ನಂದು." ಅವನು ಗ್ಯಾರೋವೇಯತ್ತ ತಿರುಗಿದ. ಬೆರಳು ತಟ್ಟೆಯ ಮೇಲೇ ಇತ್ತು. "ಕೇಳಿ, ಮಿಸ್ಟರ್ ಗ್ಯಾರೋವೇ. ಆಗ ಕೇಳಿದ್ರಲ್ಲ, ಅದನ್ನ ಇನ್ನೊಂದ್ಸಲ ಕೇಳಿ."

"ಮಾಡಿಸ್ಕೋತೀರಾ, ಇಲ್ವಾ?"

"ಮಾಡಿಸ್ಕೋತೀನಿ. ನನಗೆ ಬೇಕು."

ಗ್ಯಾರೋವೇ ಚಹಾದ ಬಟ್ಟಲನ್ನು ಹೆಸ್ಟರ್‌ಳ ಕೈಗೆ ಕೊಟ್ಟು ತೋಳು ಮಡಿಸಿದ. ಆಮೇಲೆ ಎಲ್ಲವೂ ಸೆಲೀನಾಳ ಕಣ್ಣೆದುರು ಕಾಲಿಗೆ ಚಕ್ರ ಕಟ್ಟಿದಂತೆ ನಡೆಯಿತು. ಸಹಾಯಕರು ಅಪ್ಪನನ್ನು ಮಗುವಿನ ಹಾಗೆ ಎತ್ತಿ ಮೇಜಿನ ಮೇಲೆ ಬೆಳಕಿಗೆ ಮಲಗಿಸಿದರು. ಅತ್ತೆಯ ಕೈಯಿಂದ ಪಟ್ಟಿಗಳನ್ನು ಬಿಡಿಸಿಕೊಂಡರು. ಅವಳು ಸುಲಭಕ್ಕೆ ಬಿಡಲಿಲ್ಲ. ಬಿಟ್ಟ ಮೇಲೆ ತಮ್ಮನ ಹಣೆಗೆ ಒಂದು ಮುತ್ತು ಕೊಟ್ಟು, "ಕಳ್ಳ ನನ್ಮಗನೇ, ಸತ್ತರೆ ನೋಡು ನಿನ್ನ!" ಎಂದು ಹೇಳಿ ಹೊರಗೆ ಹೋದಳು. ಹೋಗಿ ಗೋಡೆಯ ಈಚೆಯೇ ಕೂತಳೆಂದು ಹೆಸ್ಟರ್ ಆಮೇಲೆ ಹೇಳಿದಳು.

"ಹೆಂಗಸರು ಹೊರಗೆ," ಎಂದ ಗ್ಯಾರೋವೇ. ಸೆಲೀನಾ ಹೊರಟಳು. ಅದು ಮೊದಲೇ ಗೊತ್ತುಮಾಡಿದ್ದ ಏರ್ಪಾಡು. ಕೂಗು ಕೇಳಿ ಹೆಂಗಸರಿಗೆ ಆಗುವ ಹಿಂಸೆಯನ್ನು ಲೆಕ್ಕ ಹಾಕಿ, ಮೂವರೂ ಬೀದಿಯ ಆ ತುದಿಯ ಪರಿಚಯದವರ ಮನೆಯಲ್ಲಿ ಇರತಕ್ಕದ್ದೆಂದು ಅಪ್ಪನೇ ವ್ಯವಸ್ಥೆ ಮಾಡಿದ್ದ.

"ಸೆಲೀನಾ ಇರಲಿ," ಎಂದ ಅಪ್ಪ.

"ಬೇಡ, ಮಿಸ್ಟರ್ ಥಾರ್ಪ್. ನೋಡೋವಂಥದ್ದಲ್ಲ."

"ಗೊತ್ತು. ನಿನಗೆ ಬಹಳ ಹಿಂಸೆ ಆಗುತ್ತೆ," ಎಂದ ಅಪ್ಪ, ಮಗಳಿಗೆ. "ಆಮೇಲೂ ಬಹಳ ದಿನ ಆಗುತ್ತೆ. ಆದ್ರೂ ಇರು. ನನಗೆ ಕೈ ಹಿಡ್ಕೊಳ್ಳೋಕೆ ಯಾರಾದ್ರೂ ಬೇಕು."

"ಕೈ ಬಿಟ್ಟು ಕಟ್ಟೋಕಾಗಲ್ಲ," ಎಂದ ಗ್ಯಾರೋವೇ.

"ಬೆರಳು ಸಾಕು."

ಅವಳು ಬಂದು ಮೇಜಿನ ಪಕ್ಕ ಮಂಡಿಯೂರಿದಳು. ಅಪ್ಪನ ಮಣಿಕಟ್ಟನ್ನು ಕಾಲಿನ ಗಂಟಿಗೆ ಸೇರಿಸಿ ಬಿಗಿದಿದ್ದರು. ಬೆರಳುಗಳಷ್ಟೇ ಬಿಡುವಾಗಿದ್ದವು. ಅವುಗಳ ನಡುವೆ ಅವಳು ತನ್ನ ಬೆರಳು ತೂರಿಸಿದಳು. ಬ್ರಾಂದಿ ವಾಸನೆ ಬಂತು. ಗ್ಯಾರೋವೇ ಮತ್ತೊಮ್ಮೆ ಕಿಟಕಿ ನೋಡಿದ. ಅವಳು ಅವನ ಕೈಯನ್ನು ನೋಡದಿರಲು ತೀರ್ಮಾನಿಸಿ ಅಪ್ಪನ ಕಿವಿಯನ್ನೇ ದಿಟ್ಟಿಸಿದಳು.

ಅಪ್ಪ ಕೂಗಿದ. ಅವಳು ಇಷ್ಟು ದಿನ ಕೇಳಿದ್ದು ಕೂಗೇ ಅಲ್ಲ ಎನ್ನುವ ಹಾಗೆ ಕೂಗಿದ. ಸಹಾಯಕರು ಅವನ ಮಂಡಿಗಳ ಮೇಲೆ ಮೈಭಾರ ಹಾಕಿದ್ದರು. ಅವನ ಬೆರಳು ಅವಳ ಬೆರಳನ್ನು ಒತ್ತಿ, ತಿರುಚಿ, ಒಂದರ ಮೇಲೊಂದು ಏರಿಸಿತು. ಒಳಗೆ ಏನೋ ಕಟಕ್ಕೆಂದದ್ದು ಅವಳಿಗೆ ಕೇಳಿಸಲಿಲ್ಲ, ಅನುಭವಕ್ಕೆ ಬಂತು. ಅವಳೂ ಕೂಗುತ್ತಿದ್ದಳೇನೋ. ಯಾರೂ ಅದನ್ನು ಗಮನಿಸಲಿಲ್ಲ.

"ಸಿಕ್ಕಿತು," ಎಂದ ಗ್ಯಾರೋವೇ.

ಬೋಗುಣಿಯಲ್ಲಿ ಠಣ್ ಎಂದಿತು.

ಅಪ್ಪ ಸುಮ್ಮನಾದ. ಸೆಲೀನಾ ಅವನ ಕಿವಿಯಿಂದ ಕಣ್ಣು ಕಿತ್ತು ಬಾಯಿ ನೋಡಿದಳು. ತುಟಿ ಅಲ್ಲಾಡುತ್ತಿತ್ತು. ಎದೆ ಏರಿಳಿಯುತ್ತಿತ್ತು. ಗೋಡೆಯ ಆಚೆಯಿಂದ ಅತ್ತೆ, "ಎನೋಕ್!" ಎಂದು ಕಿರುಚಿದಳು.

"ಇದ್ದಾರೆ ಮೇಡಂ, ಇದ್ದಾರೆ," ಎಂದು ಗ್ಯಾರೋವೇ ಗೋಡೆಗೆ ಕೂಗಿ ಹೇಳಿ, ಬಟ್ಟೆ ಒತ್ತಿ ಹಿಡಿದ. ಎತ್ತಿ ನೋಡಿದ, ಮತ್ತೆ ಒತ್ತಿದ. "ರಕ್ತ ನಿಲ್ತಾ ಇದೆ. ಒಳ್ಳೇದು. ಜ್ವರ ಏರದೆ ಈ ವಾರ ದಾಟಿದ್ರೆ ಹಿತ್ತಲಿಗೆ ಹೋಗೋ ಯೋಚನೆ ಮಾಡಬಹುದು. ಅದಕ್ಕಿಂತ ಹೆಚ್ಚು ನಾನು ಹೇಳಲ್ಲ." ಸಹಾಯಕರು ಪಟ್ಟಿ ಬಿಚ್ಚಿದರು. ಬಿಗಿದ ಜಾಗದಲ್ಲಿ ಅಪ್ಪನ ಚರ್ಮ ಕೆಂಪಗೆ ಹಳ್ಳ ಬಿದ್ದಿತ್ತು. ಕಿಟಕಿಯ ಬೆಳಕು ಮೇಜು ಬಿಟ್ಟು ನೆಲಕ್ಕೆ ಇಳಿದಿತ್ತು.

ಕಟ್ಟು ಬಿಚ್ಚಿದರೂ ಅಪ್ಪನ ಬೆರಳು ಸಡಿಲಾಗಲಿಲ್ಲ. ಸೆಲೀನಾಳ ಉಂಗುರದ ಬೆರಳು ಊದಿ ಬಣ್ಣ ತಿರುಗಿತ್ತು. ಇಂಥ ಹೊತ್ತಿನಲ್ಲಿ ಹಲ್ಲು ಕಚ್ಚಿ ಸುಮ್ಮನಿರುವುದು ಆ ಮನೆಯಲ್ಲಿ ಅವಳು ಚೆನ್ನಾಗಿ ಕಲಿತ ವಿದ್ಯೆ. ಅದನ್ನೇ ಮಾಡಹೊರಟವಳು ತಡೆದಳು.

"ಅಪ್ಪಾ," ಎಂದಳು. "ನೋವಾಗ್ತಿದೆ."

ಅಪ್ಪ ಕಣ್ಣು ತೆರೆಯಲಿಲ್ಲ.

"ಗೊತ್ತು," ಎಂದ. ಕೈ ಬಿಡಲಿಲ್ಲ.